ಬಾಣಂತಿಯ ಉಪ್ಪು

ಬಾಣಂತಿಯ ಊಟದ ಗಂಗಾಳವನ್ನು ಎತ್ತಿದರೆ ಸಾಕು, ಆಕೆ ಎಷ್ಟು ಉಂಡಿದ್ದಾಳೆಂಬುದು ನನ್ನ ಕೈಗೆ ತಿಳಿದುಬಿಡುತ್ತದೆ. ಕಣ್ಣಿನಿಂದ ನೋಡುವ ಕೆಲಸವೇ ಇಲ್ಲ. ಗಜೇಂದ್ರಗಡದ ಪೇಟೆಯಲ್ಲಿದ್ದ ಆ ಮನೆಯಲ್ಲಿ ಗಂಗಾಳ ಹೋದ ಭಾರದಲ್ಲೇ ತಿರುಗಿ ಬರುತ್ತಿತ್ತು. ಬಿಸಿ ಅನ್ನ, ಅದರ ಮೇಲೆ ತುಪ್ಪ, ತುಪ್ಪದ ಮೇಲೆ ನಾನು ಮಾಡಿದ ಉಪ್ಪು. ಒಂದು ಮೂಲೆಯಲ್ಲಿ ಸ್ವಲ್ಪ ಕೆದರಿದ ಗುರುತು, ಉಳಿದದ್ದೆಲ್ಲ ಹಾಗೆಯೇ. ನನ್ನ ಕೈಯಡುಗೆ ಹೀಗೆ ತಿರುಗಿ ಬಂದದ್ದು ನನಗೆ ನೆನಪಿಲ್ಲ. ಸಿಟ್ಟು ಬಂತು. ಹೇಳಲು ನಾಚಿಕೆಯೇನಿಲ್ಲ, ನಾನು ಸಿಟ್ಟಿನ ಹೆಂಗಸೇ.

ನಾನು ರೋಣದವಳು. ಹೆರಿಗೆಯಾದ ಮನೆಗೆ ಹೋಗಿ, ಅಲ್ಲೇ ಉಳಿದು ಬಾಣಂತನ ಮಾಡುವುದು ನನ್ನ ಕೆಲಸ. ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆಯಬೇಕು, ಹಗ್ಗ ನೇಯ್ದ ಹೊರಸಿನ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು ಬೆನ್ನಿಗೆ ಕಾವು ಕೊಡಬೇಕು, ಬಾಣಂತಿಯ ಅಡುಗೆಯನ್ನು ಬೇರೆ ಒಲೆಯಲ್ಲಿ ಮಾಡಬೇಕು. ಈ ಮನೆ ನನಗೆ ಹೊಸದಲ್ಲ. ಮನೆಯ ಯಜಮಾನಿಯ ಬಾಣಂತನವನ್ನೂ ನಾನೇ ಮಾಡಿದ್ದೆ. ಆಗ ನಾನಿನ್ನೂ ಹರೆಯದವಳು, ಕೆಲಸ ಕಲಿಸಿದ ಚಿಗವ್ವನನ್ನು ಬಿಟ್ಟು ಒಬ್ಬಳೇ ಹೊರಟ ಹೊಸದು. ಅಂದು ನಾನು ಎರೆದ ಕೂಸೇ ಈಗ ಸೀರೆ ಅಂಗಡಿ ನಡೆಸುವ ಗಂಡಸಾಗಿ, ತಾನೇ ಅಪ್ಪನಾಗಿ, ಮೋಟರ್‌ಸೈಕಲ್ ಮೇಲೆ ರೋಣಕ್ಕೆ ಬಂದು ನನ್ನನ್ನು ಕರೆದುಕೊಂಡು ಹೋದ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಅದು ರೂಢಿ. ಆದರೆ ಈ ಹುಡುಗಿಗೆ ತಾಯಿ ಇಲ್ಲ. ಅಸೂಟಿಯಲ್ಲಿದ್ದ ಅಪ್ಪ, ಅಣ್ಣ ಇಬ್ಬರೂ ದುಡಿಯಲು ಗೋವೆಗೆ ಹೋಗಿದ್ದರು. ಹಾಗಾಗಿ ಅತ್ತೆಯೇ, ಅಂದರೆ ಯಜಮಾನಿಯೇ, ಹೊಣೆ ಹೊತ್ತರು. ಹುಡುಗಿ ಬಸ್ ಕಂಡಕ್ಟರ್. ರೋಣ, ನರಗುಂದ ಕಡೆಯ ಗಾಡಿಗಳಲ್ಲಿ ಹಲ್ಲು ಕಿರಿಯುವ ಗಂಡಸರನ್ನೆಲ್ಲ ಹಿಂದಿನ ಸೀಟಿಗೆ ಅಟ್ಟಿದವಳಂತೆ. ಆದರೆ ನಾನು ಹೋದಾಗ ಹೊರಸಿನ ಮೇಲೆ ಕಿವಿಗೆ ಅರಿವೆ ಕಟ್ಟಿಕೊಂಡು ಗೋಡೆ ನೋಡುತ್ತ ಕೂತವಳ ಬಾಯಲ್ಲಿ ಮಾತೇ ಇರಲಿಲ್ಲ.

ಮಗ್ಗುಲಲ್ಲಿ ಕೂಸೂ ಇರಲಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣು ಕೂಸು. ಊರೊಳಗಿನ ಮಕ್ಕಳ ಡಾಕ್ಟರ ದವಾಖಾನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿತ್ತು. ಮೊಲೆ ಚೀಪುವ ಶಕ್ತಿ ಇನ್ನೂ ಬಂದಿರಲಿಲ್ಲ. ಹುಡುಗಿ ಸ್ಟೀಲಿನ ಬಟ್ಟಲಿಗೆ ಹಾಲು ಹಿಂಡಿ ಕೊಡಬೇಕು, ಗಂಡ ಅದನ್ನು ಮುಚ್ಚಿಕೊಂಡು ಓಡಬೇಕು, ಅಲ್ಲಿ ನರ್ಸಮ್ಮ ಮೂಗಿನ ನಳಿಗೆಯಲ್ಲಿ ಬಿಡಬೇಕು. ಆ ಹಾಲು ದಿನದಿನಕ್ಕೆ ಕಡಿಮೆಯಾಗುತ್ತಿತ್ತು.

ಇನ್ನು ಉಪ್ಪಿನ ಮಾತು. ಬಾಣಂತಿಗೆ ಹಸಿಮೆಣಸಿನಕಾಯಿ, ಕೆಂಪು ಖಾರ, ಹುಣಸೆಹುಳಿ ಯಾವುದೂ ನಡೆಯುವುದಿಲ್ಲ. ಅನ್ನಕ್ಕೆ, ಮೆತ್ತನ್ನ ಜೋಳದ ರೊಟ್ಟಿಗೆ, ಹೆಸರುಬೇಳೆಯ ಕಟ್ಟಿಗೆ, ಎಲ್ಲಕ್ಕೂ ರುಚಿ ಕೊಡಬೇಕಾದದ್ದು ಬಾಣಂತಿಯ ಉಪ್ಪು ಅನ್ನುವ ಈ ಪುಡಿ ಒಂದೇ. ಒಣಗಿಸಿದ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಕಾಳುಮೆಣಸು, ಚಿಟಿಕೆ ಅಜವಾನ, ಹರಳುಪ್ಪು. ಸಬ್ಬಸಿಗೆ ಹಾಲಿಗೆ, ಬೆಳ್ಳುಳ್ಳಿ ವಾಯುವಿಗೆ, ಮೆಣಸು ಥಂಡಿಗೆ ಎಂದು ಚಿಗವ್ವ ಹೇಳಿಕೊಟ್ಟಿದ್ದಳು. ಹಸಿವಾಸನೆ ಚೂರೂ ಇರಬಾರದು ಎಂದೂ ಹೇಳಿದ್ದಳು. ಅವಳು ಸಣ್ಣ ಕೆಂಡದ ಮುಂದೆ ಅರ್ಧ ದಿನ ಕೂತು ಹುರಿಯುತ್ತಿದ್ದಳು. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಸೊಪ್ಪನ್ನು ಮಾಳಿಗೆಯ ಬಿಸಿಲಿಗೆ ಎಸೆದು, ದೊಡ್ಡ ಉರಿಯ ಮೇಲೆ ಹಂಚು ಇಟ್ಟು, ಬೆಳ್ಳುಳ್ಳಿ ಕರ್ರಗಾಗುವವರೆಗೆ, ಮೆಣಸು ಹೊಗೆಯಾಡುವವರೆಗೆ ಬಡಬಡ ಹುರಿದು ಒರಳಿಗೆ ಹಾಕುತ್ತಿದ್ದೆ. ಆ ಘಾಟಿಗೆ ಓಣಿಯವರೆಲ್ಲ ಸೀನಿ, "ಬಾಣಂತಿ ಉಪ್ಪು ಹುರ್ಯಾಕತ್ತಾರ ನೋಡು" ಅನ್ನುತ್ತಿದ್ದರು. ನನಗೆ ಅದೇ ದೊಡ್ಡ ಮರ್ಯಾದೆ.

ಈ ಕೆಲಸದಲ್ಲಿ ಒಂದು ನೇಮ ಇದೆ. ಬಾಣಂತಿಯ ತುತ್ತನ್ನು ಯಾರೂ ನೋಡಬಾರದು. ಅವಳ ಒಲೆಯ ಅಡುಗೆಯನ್ನು ಇನ್ನೊಬ್ಬರು ಬಾಯಿಗೆ ಹಾಕಬಾರದು. ಹಾಕಿದರೆ ಹಾಲು ಕದ್ದಂತೆ. ಗಂಗಾಳ ಇಟ್ಟು, ಪರದೆ ಎಳೆದು ಹೊರಗೆ ಬರಬೇಕು, ಅಷ್ಟೇ. ಆ ಮನೆಯಲ್ಲಿ ಈ ನೇಮ ಇನ್ನಷ್ಟು ಬಿಗಿ. ಯಜಮಾನಿಗೆ ಮಗ ಹುಟ್ಟಿದಾಗ ಹಾಲು ಬತ್ತಿ, ಮಗ ಆಕಳ ಹಾಲಿನ ಮೇಲೆ ಬೆಳೆದಿದ್ದ. ಯಾರದೋ ನೆದರು, ಕೆಟ್ಟ ದೃಷ್ಟಿ ತಾಗಿತು ಎಂದು ಹಿರಿಯರು ಆಗಲೇ ತೀರ್ಮಾನ ಮಾಡಿದ್ದರು. ಅಂಥ ಗತಿ ಸೊಸೆಗೆ ಬರಬಾರದೆಂದು ಯಜಮಾನಿ ಬಾಣಂತಿಯ ಕೋಣೆಯ ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತುಬಿಟ್ಟಿದ್ದರು.

ಹುಡುಗಿ ಉಣ್ಣಲಿಲ್ಲ ಎಂದು ನಾನು ಮಾಡಿದ್ದೇನು? ಉಪ್ಪು ಹೆಚ್ಚು ಹಾಕಿದೆ. ಮತ್ತೂ ಹುರಿದು, ಮತ್ತೂ ಘಾಟು ಎಬ್ಬಿಸಿ, ಹೊಸದು ಕುಟ್ಟಿ ಹಾಕಿದೆ. ತುಪ್ಪ ಹೆಚ್ಚಿಸಿದೆ. ಸಜ್ಜಕ ಮಾಡಿದೆ, ಅದನ್ನಾದರೂ ಒಂದಿಷ್ಟು ನೆಕ್ಕಿದಳು. ಅನ್ನ ಮಾತ್ರ ಹೋದ ಹಾಗೇ ಬಂತು. "ಯಾಕವಾ?" ಅಂದರೆ "ಹಸಿವಿಲ್ರಿ ದೊಡ್ಡವ್ವಾ" ಎಂಬ ಒಂದೇ ಮಾತು. ಯಜಮಾನಿ ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಏನೂ ಆಗಲಿಲ್ಲ.

ಒಂದು ದಿನ ಗಂಡ ಖಾಲಿ ಬಟ್ಟಲು ಹಿಡಿದುಕೊಂಡು ಬಂದು ಹೊಸ್ತಿಲ ಮೇಲೆಯೇ ಕೂತ.

"ಇಷ್ಟ ಹಾಲು ಸಾಲೂದಿಲ್ಲಂತ ನರ್ಸಮ್ಮ ಹೇಳಿದ್ರು. ತೂಕ ಏರವಲ್ದಂತ. ಎಳೀ ಕೂಸು, ತಾಯಿ ಹಾಲ ಇದ್ರ ಭಾಳ ಚಲೋ ಅಂದ್ರು. ತಾಯಿ ಉಣ್ಣಾಕತ್ತಾಳೋ ಇಲ್ಲೋ ಅಂತ ಕೇಳಿದ್ರು. ನಾ ಏನ್ ಹೇಳ್ಲಿ?"

ಯಜಮಾನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. ಪರದೆಯ ಆಚೆಗೆ ಹುಡುಗಿ ಬಿಕ್ಕುವುದು ಕೇಳುತ್ತಿತ್ತು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಅದರ ಜಾಗದಲ್ಲಿ ಹೆದರಿಕೆ ಬಂದು ಕೂತಿತು.

ಆ ಮಧ್ಯಾಹ್ನ ಯಜಮಾನಿ ಸ್ವಲ್ಪ ಅಡ್ಡಾಗಿದ್ದರು. ನಾನು ಗಂಗಾಳ ಇಟ್ಟು ಹೊರಡುವಾಗ ಹುಡುಗಿ ನನ್ನ ಸೆರಗು ಹಿಡಿದಳು.

"ದೊಡ್ಡವ್ವಾ, ನೀವು ಉಂಡ್ರ್ಯಾ?"

"ನಂದೇನು, ಆಮ್ಯಾಲ ಉಣ್ತೀನಿ. ಮೊದಲ ನೀ ಉಣ್ಣು."

"ಒಬ್ಬಾಕಿನ ಕುಂತು ಉಣ್ಣಾಕ ಆಗವಲ್ದ್ರಿ. ಗ್ವಾಡಿ ಮಾರಿ ನೋಡ್ಕೋತ ಹ್ಯಾಂಗ ಉಣ್ಣೂದು?" ಅಂದಳು. ಆಮೇಲೆ ಕಟ್ಟೆ ಒಡೆದಂತೆ ಮಾತು ಬಂತು. ಬಸ್ ಸ್ಟ್ಯಾಂಡಿನಲ್ಲಿ ಡ್ರೈವರಣ್ಣ, ಹೂ ಮಾರುವವಳು, ಇನ್ನೊಂದು ಗಾಡಿಯ ಕಂಡಕ್ಟರ್, ಎಲ್ಲರೂ ಕೂಡಿಯೇ ಡಬ್ಬಿ ಬಿಚ್ಚುತ್ತಿದ್ದರಂತೆ. ಒಬ್ಬರ ರೊಟ್ಟಿ, ಒಬ್ಬರ ಪಲ್ಯ, ಒಬ್ಬರ ಶೇಂಗಾ ಚಟ್ನಿ. "ಎಲ್ಲಾರ ಡಬ್ಬಿ ಮುಚ್ಚಳ ತಗದ ಮ್ಯಾಲ ನನಗ ಹಸಿವಾಗತಿತ್ತು. ಇಲ್ಲಿ ಮುಚ್ಚಳಾನೂ ಇಲ್ಲ, ಮಂದೀನೂ ಇಲ್ಲ. ಕೂಸೂ ಇಲ್ಲ."

ಗೋಡೆಯ ಗೂಡಿನಲ್ಲಿ ಹಾಲಿನ ಬಟ್ಟಲಿತ್ತು. ಬೆಳಗಿನಿಂದ ಹಿಂಡಿದ ಹಾಲು ತಳ ಮುಚ್ಚುವಷ್ಟೂ ಇರಲಿಲ್ಲ. ನಾನು ಅದನ್ನು ನೋಡಿದೆ, ಪರದೆಯ ಕಡೆ ನೋಡಿದೆ. ಚಿಗವ್ವ ನೆನಪಾದಳು. ಈ ನೇಮ ಮುರಿದದ್ದು ಗೊತ್ತಾದರೆ ಇನ್ನು ಮುಂದೆ ಯಾವ ಮನೆಯವರೂ ನನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದೂ ನೆನಪಾಯಿತು. ಹಾಳಾಗಿ ಹೋಗಲಿ ಅತ್ತ, ಹಾಲೇ ಇಲ್ಲದ ಮೇಲೆ ಕದಿಯುವುದೇನನ್ನು ಅಂದುಕೊಂಡು ಗಂಗಾಳದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ.

ಹುಡುಗಿ ನಾನು ಬಂದಮೇಲೆ ಮೊದಲ ಸಲ ನಕ್ಕಳು. "ಬರ್ರಿ ಬರ್ರಿ, ಮುಂದ ಬರ್ರಿ, ಒಳಗ ಭಾಳ ಜಾಗಾ ಐತಿ!" ಎಂದು ಕಂಡಕ್ಟರ್ ದನಿಯಲ್ಲಿ ಕೂಗಿದಳು.

ನಾನು ಉಪ್ಪು, ತುಪ್ಪ ಕಲಸಿ ತುತ್ತು ಬಾಯಿಗಿಟ್ಟೆ.

ಯವ್ವಾ! ಬೇವಿನೆಲೆ ಅಗಿದಂತಾಯಿತು. ಮೊದಲು ಕಹಿ, ಹಿಂದಿನಿಂದ ಸುಟ್ಟ ಕಮಟು, ಕೊನೆಗೆ ಹುಲ್ಲು ತಿಂದಂತೆ ಸಬ್ಬಸಿಗೆ. ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣು ಬಿಟ್ಟೆ.

"ಇದೇನವಾ ಇದು? ಇದನ್ನ ಹ್ಯಾಂಗ ಉಣ್ತಿದ್ದಿ ನೀ?"

"ಔಷಧ ಅಂತ ತಿಳದಿದ್ನಿರಿ."

"ಔಷಧ ಅಲ್ಲ ಹುಚ್ಚೀ, ಇದು ಉಪ್ಪು! ರುಚಿಗೆ ಹಾಕೂದು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳಿಗೆ ನಗು ಬಂತು, ನನಗೂ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತಲೇ ನನಗೆ ಹೊಳೆಯಿತು. ಇಷ್ಟು ವರ್ಷ, ಇಷ್ಟು ಮನೆ, ಒಂದು ದಿನವೂ ನಾನು ನನ್ನ ಉಪ್ಪನ್ನು ನಾಲಿಗೆಗೆ ಹಚ್ಚಿ ನೋಡಿದವಳಲ್ಲ. ಚಿಗವ್ವನೂ ನೋಡಿರಲಿಲ್ಲ. ಬಾಣಂತಿಯರೆಲ್ಲ ಮದ್ದೆಂದು ಕಣ್ಣು ಮುಚ್ಚಿ ನುಂಗಿದ್ದರು, ನಾನು ಓಣಿಯ ಸೀನಿಗೆ ಬೀಗುತ್ತಿದ್ದೆ.

ನಗುವಿನ ಸದ್ದಿಗೆ ಪರದೆ ಸರಿಯಿತು. ಯಜಮಾನಿ. ನನ್ನ ಕೈ ಗಂಗಾಳದಲ್ಲೇ ಇತ್ತು.

"ಅಕ್ಕಾ! ಏನ್ ಮಾಡಾಕತ್ತಿ? ನೀನ ಹಿಂಗ ಮಾಡಿದ್ರ? ಇದ್ದಷ್ಟ ಹಾಲಿಗೂ ನೆದರಾದ್ರ ಕೂಸಿನ ಗತಿ ಏನು?" ಅದು ಸಿಟ್ಟಲ್ಲ, ಹೆದರಿಕೆ, ನನಗೆ ಗೊತ್ತಾಯಿತು.

"ಬೈರಿ ಅವ್ವಾರ, ಆಮ್ಯಾಲ ಎಷ್ಟರ ಬೈರಿ. ಆದ್ರ ನನ್ನ ಉಪ್ಪು ಕಹಿ ಐತಿ. ಬಾಯಾಗ ಇಡಾಕ ಆಗೂದಿಲ್ಲ. ಹಿಂತಾದ್ದು ಹಾಕಿದ್ರ ಯಾರು ಉಣ್ತಾರ? ನಾ ಇದನ್ನ ಮತ್ತ ಮಾಡ್ತೀನಿ. ಈಕಿ ರುಚಿ ನೋಡ್ಲಿ, ನಾ ಜೋಡಿ ಕುಂತು ಉಣ್ತೀನಿ. ನೀವು ಒಲ್ಲೆ ಅಂದ್ರ ಈಗ ರೋಣದ ಗಾಡಿ ಹತ್ತತೀನಿ."

ಯಜಮಾನಿ ಗಂಗಾಳದ ಕಡೆ ನೋಡಿದರು. "ಕಹಿ" ಎಂಬ ಮಾತಿಗೆ ಅವರ ಮುಖ ಯಾಕೋ ಬಿಳಿಚಿಕೊಂಡಿತು. "ಏನರ ಮಾಡ್ರಿ" ಅಂದು ಪರದೆ ಬಿಟ್ಟು ಹೋದರು.

ಡಬ್ಬಿಯಲ್ಲಿದ್ದ ಉಪ್ಪನ್ನೆಲ್ಲ ಹಿತ್ತಲಿಗೆ ಸುರಿದೆ. ಮೊದಲ ಸಲ ಹೆದರಿ ಬೆಳ್ಳುಳ್ಳಿಯನ್ನು ಹುರಿಯಲೇ ಇಲ್ಲ. ಹಸಿಯದನ್ನೇ ಉಪ್ಪಿನೊಡನೆ ಕುಟ್ಟಿದೆ. ನೀರು ಬಿಟ್ಟು ಮುದ್ದೆಯಾಯಿತು, ಹುಡುಗಿಯ ನಾಲಿಗೆ ಉರಿಯಿತು. ಎರಡನೆಯ ಸಲ ಸಣ್ಣ ಉರಿಯಲ್ಲಿ ಹುರಿದೆ. ತೆಳ್ಳನೆಯ ಹಂಚು, ಹೊರಗೆ ಕೆಂಪಾಯಿತು, ಒಳಗೆ ಮೆತ್ತಗೆ ಉಳಿಯಿತು. ಕುಟ್ಟಿದರೆ ಒನಕೆಗೆ ಅಂಟಿಕೊಂಡಿತು. ತಲೆಯ ಮೇಲೆ ಕೈ ಹೊತ್ತು ಕೂತೆ.

ಹೊರಸಿನ ಮೇಲಿನಿಂದ ಹುಡುಗಿ ಬಗ್ಗಿ ಅಗ್ಗಿಷ್ಟಿಕೆ ನೋಡುತ್ತಿದ್ದಳು. "ದೊಡ್ಡವ್ವಾ, ಈ ಕೆಂಡ ನನ್ನ ಬೆನ್ನಷ್ಟ ಕಾಸಬೇಕೇನ್ರಿ?" ಅಂದಳು.

ಹೌದಲ್ಲ! ಚಿಗವ್ವ ಉಪ್ಪು ಹುರಿಯುತ್ತಿದ್ದಂಥ ಸಣ್ಣ ಕೆಂಡ ಇಡೀ ದಿನ ಆ ಕೋಣೆಯಲ್ಲೇ ಇತ್ತು, ಅರ್ಧ ದಿನ ಕೂರುವ ತಾಳ್ಮೆ ನನಗಿಲ್ಲದಿದ್ದರೂ ಹೊರಸಿನ ಮೇಲಿದ್ದವಳು ಎಲ್ಲಿಗೂ ಹೋಗುವಂತಿರಲಿಲ್ಲ. ಬೆಳ್ಳುಳ್ಳಿ ಎಸಳುಗಳನ್ನು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ತೂತಿನ ತಟ್ಟೆಯ ಮೇಲೆ ಹರಡಿ, ಬೂದಿ ಮುಚ್ಚಿದ ಕೆಂಡದ ಮೇಲೆ ಎತ್ತರಿಸಿ ಇಟ್ಟೆವು. ಹುಡುಗಿಯೇ ಆಗಾಗ ತಿರುವಿ ಹಾಕಿದಳು. ಸಂಜೆಯ ಹೊತ್ತಿಗೆ ಎಸಳು ಹಳದಿ ತಿರುಗಿ, ಬೆರಳಲ್ಲಿ ಮುರಿದರೆ ಪಟ್ಟೆನ್ನುವಂತಾಯಿತು. ಸಬ್ಬಸಿಗೆಯನ್ನು ಈ ಸಲ ಬಿಸಿಲಿಗೆ ಕಾಣಿಸಲಿಲ್ಲ. ದಂಟು ತೆಗೆದು, ಹಳೆಯ ಸೀರೆಯ ಮೇಲೆ ನೆರಳಲ್ಲೇ ಹರಡಿದೆ. ಒಣಗಿದರೂ ಹಸಿರು ಹಸಿರಾಗಿಯೇ ಉಳಿಯಿತು. ಮೆಣಸನ್ನು ಬರೀ ಬೆಚ್ಚಗೆ ಮಾಡಿದೆ, ಹೊಗೆ ಏಳಗೊಡಲಿಲ್ಲ. ಮೆಣಸು, ಅಜವಾನ ಮೊದಲು ಕುಟ್ಟಿ, ಆಮೇಲೆ ಹರಳುಪ್ಪು, ಆಮೇಲೆ ಬೆಳ್ಳುಳ್ಳಿ. ಸಬ್ಬಸಿಗೆಯನ್ನು ಒರಳಿಗೆ ಹಾಕದೆ ಅಂಗೈಯಲ್ಲೇ ತಿಕ್ಕಿ ಉದುರಿಸಿದೆ.

ಹುಡುಗಿ ಚೂರು ನಾಲಿಗೆಗೆ ಹಚ್ಚಿಕೊಂಡಳು. "ಮೆಣಸು ಕಿಡಕಿ ಸೀಟು ಹಿಡಕೊಂಡ ಕುಂತೈತ್ರಿ. ಬಳ್ಳೊಳ್ಳಿಗೆ ಜಾಗಾನ ಬಿಡವಲ್ದು."

"ಭಾಳ ಶಾಣ್ಯಾಕಿ ಅದಿ ಬಿಡು ನೀ" ಎಂದು ಬೈದು, ಇನ್ನೊಂದು ಹಿಡಿ ಬೆಳ್ಳುಳ್ಳಿ ಕುಟ್ಟಿ ಸೇರಿಸಿದೆ. ಅವಳು ಮತ್ತೊಮ್ಮೆ ನಾಲಿಗೆಗೆ ಹಚ್ಚಿ ನೋಡಿದಳು. ಗಂಗಾಳ ಎಳೆದುಕೊಂಡು ಅನ್ನಕ್ಕೆ ಉದುರಿಸಿ, ತುಪ್ಪ ಬಿಟ್ಟುಕೊಂಡು ಉಣ್ಣತೊಡಗಿದಳು. ನಾನೂ ಉಂಡೆ. ಉಪ್ಪಿನ ಹಿಂದೆ ಬೆಳ್ಳುಳ್ಳಿಯ ಸಿಹಿ, ಅದರ ಹಿಂದೆ ಮೆಣಸಿನ ಬಿಸಿ, ಎಲ್ಲ ಆದಮೇಲೆ ಸಬ್ಬಸಿಗೆಯ ತಂಪು ವಾಸನೆ. ಆ ದಿನ ಗಂಗಾಳ ಎತ್ತಿದಾಗ ಹಗುರಾಗಿತ್ತು. ನನಗೆ ಅಳು ಬಂತು, ಹೇಳುವುದಕ್ಕೇನು.

ಅಂದಿನಿಂದ ದಿನಾ ಜೊತೆಗೆ ಕೂತೆವು. ರೊಟ್ಟಿಗೆ ತುಪ್ಪ ಸವರಿ ಮೇಲೆ ಉಪ್ಪು ಉದುರಿಸಿಕೊಟ್ಟರೆ ಇನ್ನೊಂದು ಕೇಳಿದಳು. ಬಟ್ಟಲಿನ ಹಾಲು ಮೆಲ್ಲಗೆ ಮೇಲೇರಿತು. ಉಪ್ಪಿನಿಂದಲೋ, ಕೂಡಿ ಉಂಡದ್ದರಿಂದಲೋ, ಹೊಟ್ಟೆ ತುಂಬಿ ನಿದ್ದೆ ಬಂದದ್ದರಿಂದಲೋ ನಾನು ಹೇಳಲಾರೆ, ನಾನು ಡಾಕ್ಟರಲ್ಲ. ಯಜಮಾನಿ ಮಾತ್ರ ಒಳಗೆ ಬರುತ್ತಿರಲಿಲ್ಲ. ಬಾಗಿಲ ಮಣೆಯ ಮೇಲೆ ಕೂತು ನಮ್ಮ ಹರಟೆ ಕೇಳುತ್ತಿದ್ದರು.

ಕೆಲವು ದಿನ ಕಳೆದ ಮೇಲೆ ಗಂಡ ಓಡುತ್ತ ಬಂದ. ಕೂಸು ತೂಕ ಏರಿದೆ, ತಾಯಿಯನ್ನು ಕರೆತನ್ನಿ, ಮೊಲೆಗೆ ಹಚ್ಚಿ ನೋಡೋಣ ಅಂದಿದ್ದರಂತೆ ಡಾಕ್ಟರು. ಬಾಣಂತಿಗೆ ಗಾಳಿ ತಾಗುತ್ತದೆ ಎಂದು ಯಜಮಾನಿ ತಡೆಯುತ್ತಾರೇನೋ ಅಂದುಕೊಂಡೆ. ಆದರೆ ಅವರು ಸೊಸೆಯ ಕಿವಿಗೆ ತಾವೇ ಅರಿವೆ ಬಿಗಿದು, ಶಾಲು ಹೊದಿಸಿ, ಆಟೋ ಹತ್ತಿಸಿದರು. ಉಣ್ಣುವ ಹೊತ್ತು ಮೀರಬಾರದೆಂದು ನಾನು ಅನ್ನದ ಡಬ್ಬಿ ಹಿಡಿದುಕೊಂಡೆ.

ದವಾಖಾನೆಯ ಪಡಸಾಲೆಯ ಮೂಲೆಯಲ್ಲಿ, ಬೆಂಚಿನ ಮೇಲೆ ಹುಡುಗಿಯನ್ನು ಕೂರಿಸಿ ನರ್ಸಮ್ಮ ಕೂಸನ್ನು ಎದೆಗೆ ಇಟ್ಟಳು. ಅಂಗೈಯಗಲದ ಜೀವ. ಮೊದಲು ಮುಖ ತಿರುಗಿಸಿತು. ಮತ್ತೊಮ್ಮೆ ಹಚ್ಚಿದಳು, ಜಾರಿತು. ಮೂರನೆಯ ಸಲ ಕೂಸಿನ ಗಲ್ಲ ಅಲ್ಲಾಡಿತು, ಗಂಟಲು ಅಲ್ಲಾಡಿತು.

"ಎಳೀತೈತ್ರಿ ದೊಡ್ಡವ್ವಾ! ಅತ್ತೀ, ಎಳ್ಯಾಕತ್ತೈತಿ!" ಹುಡುಗಿಯ ಕಣ್ಣೀರು ಕೂಸಿನ ಟೋಪಿಯ ಮೇಲೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅಳುತ್ತಲೇ ಅಂದಳು: "ಅತ್ತೀ, ಹಸಿವಾತು."

ಅವಳ ಎರಡೂ ಕೈ ಕೂಸಿನ ಕೆಳಗಿದ್ದವು. ಯಜಮಾನಿ ನನ್ನ ಕೈಯಿಂದ ಡಬ್ಬಿ ಕಸಿದುಕೊಂಡರು. ಎದುರು ಬೆಂಚಿನ ತುಂಬ ಗುರುತಿಲ್ಲದ ಮಂದಿ ಕೂತು ನೋಡುತ್ತಿದ್ದರು. ಬಾಣಂತಿಯ ತುತ್ತನ್ನು ಯಾರ ಕಣ್ಣಿಗೂ ಬೀಳಗೊಡದ ಹೆಂಗಸು ಅಲ್ಲಿಯೇ ಡಬ್ಬಿ ಬಿಚ್ಚಿ, ಕಲಸಿ, ಸೊಸೆಯ ಬಾಯಿಗೆ ತುತ್ತಿಡತೊಡಗಿದರು. ಒಂದೊಂದೇ ತುತ್ತು ಉಣ್ಣುತ್ತ ಹುಡುಗಿ, "ಸಾಕ್ರಿ ಅತ್ತೀ, ನೀವೂ ಒಂದ ತುತ್ತು ತಗೋರಿ" ಅಂದಳು. ಅವರು ಕೈಯಲ್ಲಿದ್ದುದನ್ನು ತಮ್ಮ ಬಾಯಿಗೆ ಹಾಕಿಕೊಂಡರು.

ಎರಡು ಸಲ ಅಗಿದವರು ಹಾಗೇ ನಿಂತುಬಿಟ್ಟರು. ಕಣ್ಣು ತುಂಬಿ ಬಂದವು. ನನ್ನ ಹತ್ತಿರ ಸರಿದು, ಸೊಸೆಗೆ ಕೇಳದಂತೆ ಅಂದರು:

"ಅಕ್ಕಾ, ನನ್ನ ಬಾಣಂತನದಾಗ ಭಾಳ ಕಹಿ ಇತ್ತವಾ."

"ಅವತ್ತ ಯಾಕ ಹೇಳಲಿಲ್ರಿ ಅವ್ವಾರ?"

"ಯಾರಿಗೆ ಹೇಳ್ಲಿ? ನೀ ಪರದಿ ಎಳದ ಹೋಗತಿದ್ದಿ. ನಾ ಅನ್ನಾನ ಕೆಂಡದಾಗ ಹಾಕಿ ಬೂದಿ ಮುಚ್ಚತಿದ್ದೆ. ಕಮಟು ವಾಸನಿ ಬರ್ತೈತಂತ ಮ್ಯಾಲ ಲೋಬಾನ ಹಾಕತಿದ್ದೆ. ಹಾಲು ಬತ್ತಿತು. ಎಲ್ಲಾರೂ ನೆದರು ಅಂದ್ರು, ನಾನೂ ಹೌದಂದೆ. ನನ್ನ ಮಗನ ಹಾಲು ನಾನ ಸುಟ್ಟೆ ಅಂತ ಇವತ್ತಿನ ಮಟ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ಅವರನ್ನು ಪಕ್ಕದ ಬೆಂಚಿಗೆ ಕೂರಿಸಿ ನಾನೂ ಕೂತೆ.

"ನೀವು ಸುಟ್ಟಿಲ್ರಿ ಅವ್ವಾರ. ನಿಮ್ಮ ಕೈಗೆ ಬರೂಕಿಂತ ಮೊದಲ ನಾ ಹಂಚಿನ ಮ್ಯಾಲ ಸುಟ್ಟಿದ್ದೆ."

ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಡಬ್ಬಿಯಲ್ಲಿ ಇನ್ನೂ ಅನ್ನ ಇತ್ತು. ಅವರ ಕೈಯಿಂದ ಅದನ್ನು ತೆಗೆದುಕೊಂಡು, ತುಪ್ಪ ಹತ್ತಿದ ಕಡೆಯಿಂದ ಒಂದು ತುತ್ತು ಕಲಸಿ ಎತ್ತಿ ಹಿಡಿದೆ.

"ಬಾಯಿ ತಗೀರಿ" ಅಂದೆ.

ಅಜ್ಜಿಯಾದ ಹೆಂಗಸು ಅಷ್ಟು ಮಂದಿಯ ನಡುವೆ ಬಾಯಿ ತೆರೆದರು. ಡಬ್ಬಿಯ ತಳ ಕಾಣುವವರೆಗೂ ಉಣಿಸಿದೆ. ಅವರು ಒಂದು ತುತ್ತನ್ನೂ ಬೇಡ ಅನ್ನಲಿಲ್ಲ.